ಮುದುಡಿದ ಕೈಗಳನ್ನು ಬಿಡಿಸಿದ ವೈದ್ಯ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಕಾಟಪಾಡಿ ಜಂಕ್ಷನ್ನಿನಲ್ಲಿ ನಿಂತಾಗ ಇಳಿಯುವವರಲ್ಲಿ ರೋಗಿಗಳೂ ಅವರ ಕಡೆಯವರೂ ಬಹಳ ಮಂದಿ. ಒಬ್ಬರ ಕಂಕುಳಲ್ಲಿ ಎಕ್ಸ್‌ರೇ ಲಕೋಟೆ, ಮತ್ತೊಬ್ಬರ ಕೈಯಲ್ಲಿ ಬುತ್ತಿಯ ಚೀಲ. ಇವರೆಲ್ಲರ ದಾರಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಕಡೆಗೆ. ಕನ್ನಡನಾಡಿನಿಂದ ಅಲ್ಲಿಗೆ ಹೋಗಿ ಗುಣ ಕಂಡು ಬಂದವರಿಲ್ಲದ ಬಂಧುಬಳಗ ವಿರಳವೆಂದೇ ಹೇಳಬೇಕು. ಆ ಸಂಸ್ಥೆಯ ಹುಟ್ಟಿನ ಕಥೆ ಅನೇಕರಿಗೆ ತಿಳಿದದ್ದೇ. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಬೇರೆ ಬೇರೆಯಾಗಿ ಬಂದು ಪ್ರಸವವೇದನೆಯಲ್ಲಿದ್ದ ತಮ್ಮ ಹೆಂಡಿರಿಗೆ ಸಹಾಯ ಬೇಡಿದರು. ಪರಪುರುಷನಾದ ವೈದ್ಯನನ್ನು ಒಳಗೆ ಬಿಡಲು ಅವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಅದನ್ನು ಕಂಡ ಪಾದ್ರಿಯ ಮಗಳು ಐಡಾ ಸ್ಕಡರ್ ಅಮೆರಿಕದಲ್ಲಿ ವೈದ್ಯಶಾಸ್ತ್ರ ಕಲಿತು ಬಂದು, 1900ರಲ್ಲಿ ಒಂದೇ ಹಾಸಿಗೆಯಿಂದ ವೆಲ್ಲೂರಿನಲ್ಲಿ ಕೆಲಸ ಆರಂಭಿಸಿದಳು. ಅಷ್ಟು ಮಟ್ಟಿಗೆ ಅದು ಪ್ರಸಿದ್ಧವಾದ ಕಥೆ. ಅದೇ ಆವರಣದಲ್ಲಿ ಮುಂದೆ ನಡೆದ ಇನ್ನೊಂದು ಕಾರ್ಯ ಅಷ್ಟಾಗಿ ಜನರ ಬಾಯಿಗೆ ಬಂದಿಲ್ಲ. ಅದು ಕುಷ್ಠರೋಗಿಗಳ ಕೈಕಾಲುಗಳಿಗೆ ಸಂಬಂಧಿಸಿದ್ದು. ಅದರ ಫಲವನ್ನು ಇಂದು, ಕುಷ್ಠರೋಗದ ಹೆಸರು ಕೇಳಿದರೆ ಹೌಹಾರುವ ಮನೆಗಳೂ ತಮಗರಿವಿಲ್ಲದೆ ಉಣ್ಣುತ್ತಿವೆ.

ಆ ಕಾರ್ಯದ ಮುಂದಾಳು ಡಾ. ಪಾಲ್ ಬ್ರಾಂಡ್. ಹುಟ್ಟಿದ್ದು 1914ರಲ್ಲಿ, ಈಗ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಗೆ ಸೇರಿರುವ ಕೊಲ್ಲಿಮಲೆಯಲ್ಲಿ. ತಂದೆ ಜೆಸ್ಸಿ ಬ್ರಾಂಡ್, ತಾಯಿ ಎವಲಿನ್. ಇಂಗ್ಲೆಂಡಿನಿಂದ ಸುವಾರ್ತೆ ಸಾರಲೆಂದು ಬಂದ ಈ ದಂಪತಿಗಳು ಮಲೇರಿಯ ತುಂಬಿದ ಆ ಬೆಟ್ಟದ ಮೇಲೆ ಮನೆ ಕಟ್ಟಿ ನೆಲೆಸಿದರು. ಜೆಸ್ಸಿ ಪೂರ್ಣಪ್ರಮಾಣದ ವೈದ್ಯನಲ್ಲ. ಉಷ್ಣವಲಯದ ರೋಗಗಳ ಬಗ್ಗೆ ಒಂದಿಷ್ಟು ಕಲಿತು ಬಂದವನು. ಆದರೂ ಜ್ವರಕ್ಕೆ ಮದ್ದು ಕೊಟ್ಟ, ಹಲ್ಲು ಕಿತ್ತ, ಕಾಲಿನಿಂದ ನಾರುಹುಳುವನ್ನು ಕಡ್ಡಿಗೆ ಸುತ್ತಿ ಸುತ್ತಿ ಹೊರತೆಗೆದ, ಮರಗೆಲಸ ಕಲಿಸಿದ, ಹಣ್ಣಿನ ಗಿಡ ನೆಟ್ಟ. ಹಲವು ವರ್ಷ ಅವನ ಉಪದೇಶವನ್ನು ಕೇಳಿ ಒಬ್ಬನೂ ಅವನ ಮತಕ್ಕೆ ಸೇರಲಿಲ್ಲ. ಮಿಷನರಿಗಳ ಸೇವೆಯ ಬಗ್ಗೆ ನಮ್ಮ ದೇಶದಲ್ಲಿ ಎರಡು ಅಭಿಪ್ರಾಯಗಳಿವೆ, ಎರಡಕ್ಕೂ ಆಧಾರಗಳಿಲ್ಲದಿಲ್ಲ. ಆದರೆ ಪ್ರತಿಫಲ ಕಾಣದೆ ವರ್ಷಗಟ್ಟಲೆ ಹುಣ್ಣು ತೊಳೆದವನ ಸೇವೆಯನ್ನು ಬಲೆಗೆ ಹಾಕಿದ ಕಾಳು ಎನ್ನುವುದು ನ್ಯಾಯವಾಗಲಾರದು.

ಬಾಲಕ ಪಾಲ್ ಕಂಡ ಒಂದು ದೃಶ್ಯ ಅವನ ಮನಸ್ಸಿನಲ್ಲಿ ಕಡೆಯವರೆಗೂ ಉಳಿಯಿತು. ಒಂದು ದಿನ ಮೂವರು ಅಪರಿಚಿತರು ಬೆಟ್ಟ ಹತ್ತಿ ಬಂದು ಮನೆಯಿಂದ ದೂರದಲ್ಲೇ ನಿಂತರು. ಕೈಕಾಲುಗಳಿಗೆ ಕೊಳಕು ಬಟ್ಟೆ ಸುತ್ತಿತ್ತು. ತಾಯಿ ಮಕ್ಕಳನ್ನು ಒಳಗೆ ಕಳಿಸಿದಳು. ಯಾವ ರೋಗಕ್ಕೂ ಹೇಸದ ತಂದೆ ಅಂದು ಕೈಗವಸು ತೊಟ್ಟು ಅವರ ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದ. ತಾಯಿ ಬುಟ್ಟಿಯಲ್ಲಿ ಹಣ್ಣು ಕೊಟ್ಟಳು. ಅವರು ಹೋದಮೇಲೆ ಆ ಬುಟ್ಟಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಅಪ್ಪಣೆಯಾಯಿತು. ಕರುಣೆಗೇನೂ ಕೊರತೆಯಿರಲಿಲ್ಲ, ಆದರೆ ಕರುಣೆಯ ಕೈಗೂ ಅಂದು ಭಯದ ಗವಸಿತ್ತು.

ಆ ಕಾಲದಲ್ಲಿ ಅದು ಸಹಜ. ಕುಷ್ಠದ ರೋಗಾಣುವನ್ನು ನಾರ್ವೆ ದೇಶದ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದಿದ್ದರೂ ಅದಕ್ಕೆ ತಕ್ಕ ಔಷಧ ದೊರೆತಿರಲಿಲ್ಲ. ದೂರವಿಡುವುದೊಂದೇ ಲೋಕಕ್ಕೆ ಗೊತ್ತಿದ್ದ ಉಪಾಯ. ದೂರವಾದವರಿಗೆ ನೆಲೆ ಕೊಡುವುದು ಸೇವೆಯ ಪರಮಾವಧಿಯೆನಿಸಿತ್ತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ, 1880ರಲ್ಲಿ ಹೋಮಿಯೋಪತಿ ಔಷಧ ಹಂಚಲು ತೊಡಗಿದ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಲಯ ತೆರೆದದ್ದೂ ಈ ಬಗೆಯ ಪುಣ್ಯಕಾರ್ಯವೇ. ಇಂದು ಫಾದರ್ ಮುಲ್ಲರ್ ಆಸ್ಪತ್ರೆಯೆಂದು ಪ್ರಸಿದ್ಧವಾಗಿರುವ ಸಂಸ್ಥೆ ಬೆಳೆದದ್ದು ಆ ಬೇರಿನಿಂದ.

ಪಾಲ್ ಒಂಬತ್ತು ವರ್ಷದವನಾದಾಗ ಓದಿಗಾಗಿ ಇಂಗ್ಲೆಂಡಿಗೆ ಕಳಿಸಿದರು. 1929ರಲ್ಲಿ ಜೆಸ್ಸಿ ಬೆಟ್ಟದ ಜ್ವರಕ್ಕೆ ತುತ್ತಾದ. ಸಾವಿನ ಸುದ್ದಿ ತಂತಿಯ ಮೂಲಕ ಬಂತು; ಆದರೆ ತಂದೆ ಬದುಕಿದ್ದಾಗ ಬರೆದ ಕಾಗದಗಳು ಹಡಗಿನಲ್ಲಿ ನಿಧಾನವಾಗಿ ಆಮೇಲೂ ಬರುತ್ತಲೇ ಇದ್ದವು. ಸತ್ತ ತಂದೆ ಬೆಟ್ಟದ ಮರಗಿಡಗಳನ್ನು ವರ್ಣಿಸುತ್ತಿದ್ದ ಪತ್ರಗಳನ್ನು ಮಗ ಓದಬೇಕಾಯಿತು. ವೈದ್ಯನಾಗುವ ಬಯಕೆ ಆಗ ಅವನಿಗಿರಲಿಲ್ಲ. ತಂದೆಯಂತೆ ಕಟ್ಟಡದ ಕೆಲಸ ಕಲಿಯಲು ಸೇರಿ, ಕೆಲವು ವರ್ಷ ಮರಗೆಲಸ, ಕಲ್ಲುಗೆಲಸಗಳಲ್ಲಿ ಕೈ ಪಳಗಿಸಿದ. ಬಳಿಕವಷ್ಟೇ ವೈದ್ಯಕೀಯಕ್ಕೆ ತಿರುಗಿ, ಯುದ್ಧಕಾಲದ ಲಂಡನ್ನಿನಲ್ಲಿ ಬಾಂಬಿನ ಗಾಯಾಳುಗಳ ನಡುವೆ ಶಸ್ತ್ರಚಿಕಿತ್ಸೆ ಕಲಿತ. ಉಳಿ ಹಿಡಿದ ಆ ವರ್ಷಗಳು ವ್ಯರ್ಥವಾದವೆಂದು ಹಿತೈಷಿಗಳು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಮುಂದೆ ಕುಷ್ಠರೋಗಿಯ ಕೈಯನ್ನು ಉಳಿಸಿದ್ದರಲ್ಲಿ ಕತ್ತರಿಯ ಪಾಲೆಷ್ಟೋ ಉಳಿಯ ಪಾಲೂ ಅಷ್ಟೇ.

1946ರ ಕೊನೆಯಲ್ಲಿ ಬ್ರಾಂಡರು ವೆಲ್ಲೂರಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗಾಲಯದಲ್ಲಿ ಆಗ ಡಾ. ರಾಬರ್ಟ್ ಕಾಕ್ರೇನ್ ಎಂಬ ಪ್ರಸಿದ್ಧ ಚರ್ಮರೋಗತಜ್ಞರಿದ್ದರು. ಅವರ ಆಹ್ವಾನದಂತೆ ಅಲ್ಲಿಗೆ ಹೋದ ಬ್ರಾಂಡರಿಗೆ ಎಲ್ಲೆಲ್ಲೂ ಕಂಡದ್ದು ಹಕ್ಕಿಯ ಉಗುರಿನಂತೆ ಮಡಿಚಿಕೊಂಡ ಬೆರಳುಗಳು, ಮೋಟಾದ ಕೈಗಳು. ಇದಕ್ಕೇನು ಪರಿಹಾರವೆಂದು ಕೇಳಿದಾಗ ಕಾಕ್ರೇನ್, ತಾವು ಚರ್ಮದ ವೈದ್ಯರು, ಮೂಳೆ-ಸ್ನಾಯುಗಳ ವೈದ್ಯರಾರೂ ಇತ್ತ ತಲೆಹಾಕಿಲ್ಲವೆಂದು ಮರುಪ್ರಶ್ನೆ ಹಾಕಿದರಂತೆ. ಒಬ್ಬ ರೋಗಿಯ ಬಳಿ ನಿಂತು ಬ್ರಾಂಡರು ತಮ್ಮ ಕೈಯನ್ನು ಅವನ ಮುದುಡಿದ ಕೈಯೊಳಗಿಟ್ಟು ಹಿಸುಕೆಂದರು. ನಿಶ್ಶಕ್ತವಾಗಿರಬಹುದೆಂದುಕೊಂಡಿದ್ದ ಆ ಕೈ ಇಕ್ಕಳದಂತೆ ಬಿಗಿದಾಗ ಅವರೇ ನೋವಿನಿಂದ ಕೂಗಿಕೊಂಡರು. ರೋಗಿಗೆ ಮಾತ್ರ ತಾನು ಅಷ್ಟು ಬಲವಾಗಿ ಹಿಡಿದಿರುವುದರ ಅರಿವೇ ಇರಲಿಲ್ಲ.

ಆ ಒಂದು ಹಿಡಿತದಲ್ಲಿ ಎರಡು ಸತ್ಯಗಳಿದ್ದವು. ಮೊದಲನೆಯದು ಬ್ರಾಂಡರಿಗೆ ಕೂಡಲೇ ಹೊಳೆಯಿತು. ಎರಡನೆಯದಕ್ಕೆ ಕೆಲವು ವರ್ಷ ಬೇಕಾಯಿತು.

ಮೊದಲನೆಯದು ಇಷ್ಟು. ಕುಷ್ಠದ ರೋಗಾಣು ದೇಹದ ತಂಪಾದ ಭಾಗಗಳನ್ನು ಬಯಸುತ್ತದೆ. ಆದ್ದರಿಂದ ಚರ್ಮಕ್ಕೆ ಸಮೀಪವಾಗಿ ಹಾದುಹೋಗುವ ನರಗಳು, ಅಂದರೆ ಮೊಣಕೈ, ಮಣಿಕಟ್ಟು ಮತ್ತು ಮಂಡಿಯ ಬಳಿಯ ನರಗಳು, ಬೇಗ ಕೆಡುತ್ತವೆ. ಅವುಗಳ ಆಜ್ಞೆಯಂತೆ ನಡೆಯುವ ಅಂಗೈಯ ಸಣ್ಣ ಸ್ನಾಯುಗಳು ಸತ್ತುಹೋಗುತ್ತವೆ. ಆದರೆ ಮುಂದೋಳಿನ ದೊಡ್ಡ ಸ್ನಾಯುಗಳು ಸುರಕ್ಷಿತವಾಗಿ ಉಳಿಯುತ್ತವೆ. ಒಂದು ಕಡೆಯ ಹಗ್ಗ ಸಡಿಲವಾದ ಡೇರೆ ಇನ್ನೊಂದು ಕಡೆಗೆ ವಾಲುವಂತೆ ಬೆರಳುಗಳು ಒಳಕ್ಕೆ ಮಡಿಚಿಕೊಳ್ಳುತ್ತವೆ. ಹಾಗಿದ್ದಮೇಲೆ ಬಲವಿರುವ ಸ್ನಾಯುವಿನ ಹುರಿಯನ್ನು ಬೇರೆ ದಾರಿಯಲ್ಲಿ ತಂದು ಬಲಹೀನ ಬೆರಳಿಗೆ ಕಟ್ಟಿದರಾಯಿತಲ್ಲ! ಪೋಲಿಯೋ ಪೀಡಿತರಿಗೆ ಇಂತಹ ಚಿಕಿತ್ಸೆ ಅದಾಗಲೇ ನಡೆಯುತ್ತಿತ್ತು. ಕುಷ್ಠರೋಗಿಯ ಮೇಲೆ ಚಾಕು ಹಿಡಿಯಲು ಮಾತ್ರ ಹಿಂಜರಿಕೆ. ಅವರ ಮಾಂಸವೇ ಕೊಳೆಯುವಂಥದು, ಕೊಯ್ದ ಗಾಯ ಮಾಯುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಬಲವಾಗಿತ್ತು. ಕುಷ್ಠರೋಗಿಗಳು ಬಂದರೆ ಉಳಿದ ರೋಗಿಗಳು ಓಡಿಹೋದಾರೆಂಬ ಅಂಜಿಕೆ ಬೇರೆ.

1948ರಲ್ಲಿ ವೆಲ್ಲೂರಿನಲ್ಲಿ ಶಸ್ತ್ರಚಿಕಿತ್ಸೆಗಳು ಆರಂಭವಾದವು. ಗಾಯಗಳು ಎಲ್ಲರ ಗಾಯದಂತೆಯೇ ಮಾಯ್ದವು. ಕಾಲಿನ ಮೀನಖಂಡದಲ್ಲಿ, ಇದ್ದರೂ ಇಲ್ಲದಿದ್ದರೂ ನಡೆಯುವ ಒಂದು ತೆಳ್ಳನೆಯ ಹುರಿಯುಂಟು. ಅದನ್ನು ತೆಗೆದು ಸೀಳಿ ನಾಲ್ಕು ಎಳೆ ಮಾಡಿ, ಮುಂದೋಳಿನ ಸ್ನಾಯುವಿನಿಂದ ನಾಲ್ಕು ಬೆರಳುಗಳಿಗೂ ಜೋಡಿಸುವ ಕ್ರಮವನ್ನು ಬ್ರಾಂಡರು ರೂಢಿಸಿದರು. ತರಬೇತಿ ಪಡೆದ ಸಹಾಯಕರು ವಾರಗಟ್ಟಲೆ ವ್ಯಾಯಾಮ ಮಾಡಿಸಿ, ಹಳೆಯ ಸ್ನಾಯುವಿಗೆ ಹೊಸ ಕೆಲಸ ಕಲಿಸಿದರು. ಅನ್ನವನ್ನು ಕಲಸಿ, ತುತ್ತು ಮಾಡಿ, ಬೆರಳಿನಿಂದ ಬಾಯಿಗಿಡುವುದು ಊಟದ ಮರ್ಯಾದೆಯಾದ ನಾಡಿನಲ್ಲಿ, ತಟ್ಟೆಗೆ ಬಾಯಿ ಹಚ್ಚಬೇಕಾಗಿದ್ದವನು ಮತ್ತೆ ಪಂಕ್ತಿಯ ಮನುಷ್ಯನಾದ. ಇದರ ಬೆಲೆ ಚಮಚದಲ್ಲಿ ಉಣ್ಣುವ ದೇಶದವರಿಗೆ ಅಷ್ಟಾಗಿ ತಿಳಿಯಲಿಕ್ಕಿಲ್ಲ.

ಡಾ. ಬ್ರಾಂಡರ ಪತ್ನಿ ಡಾ. ಮಾರ್ಗರೆಟ್ ಕಣ್ಣಿನ ಕಡೆಗೆ ಗಮನ ಕೊಟ್ಟರು. ಸಂವೇದನೆ ತಪ್ಪಿದ ಕಣ್ಣು ರೆಪ್ಪೆ ಹೊಡೆಯುವುದನ್ನೇ ಮರೆತು, ಒಣಗಿ, ಕುರುಡಾಗುತ್ತದೆ. ಅಗಿಯುವ ಸ್ನಾಯುವಿನ ಒಂದು ಎಳೆಯನ್ನು ತಂದು ರೆಪ್ಪೆಗೆ ಜೋಡಿಸಿದರೆ, ದವಡೆ ಆಡಿಸಿದಾಗಲೆಲ್ಲ ಕಣ್ಣು ಮುಚ್ಚುತ್ತದೆ. ಹೀಗೆ ಅಗಿಯುತ್ತ ಅಗಿಯುತ್ತ ದೃಷ್ಟಿ ಉಳಿಸಿಕೊಂಡವರುಂಟು.

ಒಂದು ದಿನ ಬ್ರಾಂಡರು ತಮ್ಮ ಅರೆಬರೆ ತಮಿಳಿನಲ್ಲಿ ಚಿಕಿತ್ಸೆಯ ವಿಷಯ ಹೇಳುತ್ತ ಯುವಕನೊಬ್ಬನ ಹೆಗಲ ಮೇಲೆ ಕೈಯಿಟ್ಟರು. ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ. ತಪ್ಪೇನಾಯಿತೆಂದು ಸಹಾಯಕಿಯನ್ನು ಕೇಳಿದರೆ, ಎಷ್ಟೋ ವರ್ಷಗಳಿಂದ ಯಾರೂ ಅವನನ್ನು ಮುಟ್ಟಿರಲಿಲ್ಲ, ಅದಕ್ಕೆ ಅಳು ಬಂತು ಎಂಬ ಉತ್ತರ ಬಂತು. ಯೇಸು ಕುಷ್ಠರೋಗಿಯನ್ನು ಗುಣಪಡಿಸಿದ ಪ್ರಸಂಗ ಸುವಾರ್ತೆಗಳಲ್ಲಿ ಬರುತ್ತದೆ. ಒಂದು ಮಾತಿನಿಂದಲೇ ಆಗಬಹುದಾಗಿದ್ದ ಕೆಲಸಕ್ಕೆ ಆತ ಕೈ ಚಾಚಿ ಮುಟ್ಟಿದನೆಂದು ಅಲ್ಲಿ ಹೇಳಿದೆ. ತಂದೆಯ ಕೈಗವಸನ್ನು ಕಂಡಿದ್ದ ಮಗನಿಗೆ ಆ ಪ್ರಸಂಗದ ಅರ್ಥ ಪುಸ್ತಕದಲ್ಲಲ್ಲ, ಆ ಹೆಗಲ ಮೇಲೆ ತಿಳಿದಿರಬೇಕು.

ಆದರೆ ಕೈ ಸರಿಯಾದ ಮಾತ್ರಕ್ಕೆ ಬಾಳು ಸರಿಯಾಗಲಿಲ್ಲ. ಚಿಕಿತ್ಸೆ ಪಡೆದು ಹೋದ ತರುಣನೊಬ್ಬ ಸ್ವಲ್ಪ ಕಾಲದಲ್ಲೇ ಸೊರಗಿ ಹಿಂದಿರುಗಿದ. ಮುಖದಲ್ಲಿ ರೋಗದ ಗುರುತಿದ್ದುದರಿಂದ ಯಾರೂ ಕೆಲಸ ಕೊಡಲಿಲ್ಲ. ಬೇಡೋಣವೆಂದರೆ ಬೆರಳು ನೆಟ್ಟಗಾಗಿರುವುದರಿಂದ ಯಾರಿಗೂ ಕನಿಕರ ಹುಟ್ಟಲಿಲ್ಲ. ಈ ಕೈಗಳು ಭಿಕ್ಷೆಗೆ ಬಾರವು ಎಂದು ಅವನು ದೂರಿದನಂತೆ. ಬಡವನ ಬಾಯಿಂದ ಬಂದ ಈ ಮಾತು ಎಲ್ಲ ಧರ್ಮದ ದಾನಿಗಳೂ ಒಂದು ಕ್ಷಣ ಯೋಚಿಸಬೇಕಾದಂಥದು.

ಹೀಗೆ 1951ರಲ್ಲಿ ಕಾಲೇಜಿನ ಆವರಣದಲ್ಲೇ ನವಜೀವ ನಿಲಯ ಹುಟ್ಟಿತು. ಮಣ್ಣಿನ ಗೋಡೆಯ ಕೆಲವು ಗುಡಿಸಲುಗಳು. ಅಲ್ಲಿ ಮರಗೆಲಸ, ಆಟದ ಸಾಮಾನಿನ ತಯಾರಿ. ಉಳಿ, ಗರಗಸ ಹಿಡಿಯುವುದನ್ನು ಕಲಿಸಿದವರು ಸ್ವತಃ ಬ್ರಾಂಡರು. ಹಳೆಯ ಕಸುಬು ಈಗ ಕೆಲಸಕ್ಕೆ ಬಂತು. ಆ ಗುಡಿಸಲುಗಳಲ್ಲಿಯೇ, ಚೆಂಗಲ್ಪಟ್ಟಿನ ಹಿಡಿತದಲ್ಲಿ ಅಡಗಿದ್ದ ಎರಡನೆಯ ಸತ್ಯ ಬೆಳಕಿಗೆ ಬಂದದ್ದು.

ಕಷ್ಟಪಟ್ಟು ಸರಿಪಡಿಸಿದ ಬೆರಳುಗಳಲ್ಲಿ ದಿನದಿನವೂ ಹೊಸ ಗಾಯಗಳು ಕಾಣಿಸುತ್ತಿದ್ದವು. ರೋಗವೇ ಬೆರಳನ್ನು ತಿನ್ನುತ್ತದೆಂದು ಎಲ್ಲರೂ ನಂಬಿದ್ದರು. ಹಾಗಿರಲಾರದೆಂದು ಬ್ರಾಂಡರಿಗೆ ಸಂಶಯ. ಒಮ್ಮೆ ಉಗ್ರಾಣದ ತುಕ್ಕುಹಿಡಿದ ಬೀಗವನ್ನು ತೆಗೆಯಲಾರದೆ ಅವರು ಒದ್ದಾಡುತ್ತಿದ್ದಾಗ, ಬಡಕಲು ಹುಡುಗನೊಬ್ಬ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿಬಿಟ್ಟ. ಅವರು ಬೆರಗಾಗಿ ನೋಡುವಷ್ಟರಲ್ಲಿ ನೆಲದ ಮೇಲೆ ರಕ್ತದ ಹನಿ. ಕೀಲಿ ಹುಡುಗನ ಬೆರಳನ್ನು ಮೂಳೆಯವರೆಗೂ ಕೊಯ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ!

ಅಂದಿನಿಂದ ಪತ್ತೇದಾರಿಯೇ ಆರಂಭವಾಯಿತು. ಪ್ರತಿದಿನ ಪ್ರತಿಯೊಬ್ಬರ ಕೈಕಾಲು ಪರೀಕ್ಷೆ, ಪ್ರತಿ ಗಾಯಕ್ಕೂ ಕಾರಣದ ಶೋಧ. ಸುತ್ತಿಗೆಯ ಹಿಡಿಯಲ್ಲಿನ ಸಿಬಿರು, ಒಲೆಯಿಂದ ಬರಿಗೈಯಲ್ಲಿ ಇಳಿಸಿದ ಪಾತ್ರೆ, ಬೇಕಾದುದಕ್ಕಿಂತ ಬಿಗಿಯಾದ ಹಿಡಿತ, ಹೀಗೆ ಒಂದೊಂದೇ ತಿಳಿದುಬಂತು. ರಾತ್ರಿಯಲ್ಲಿ ಬೆರಳು ಕಾಣೆಯಾಗುತ್ತಿದ್ದುದು ಮಾತ್ರ ಒಗಟಾಗಿಯೇ ಉಳಿಯಿತು. ಕೊನೆಗೆ ಒಬ್ಬರು ಎಚ್ಚರವಾಗಿದ್ದು ಕಾವಲು ಕಾದಾಗ ಕಂಡದ್ದು, ಮಲಗಿದವನ ಕೈಯನ್ನು ಕಡಿಯುತ್ತಿದ್ದ ಇಲಿ. ಆಮೇಲೆ ನಿಲಯದಲ್ಲಿ ಬೆಕ್ಕು ಸಾಕಿದರು. ಬಿಟ್ಟು ಊರಿಗೆ ಹೋಗುವವರ ಜೊತೆಗೂ ಒಂದು ಬೆಕ್ಕನ್ನು ಕಳಿಸುವುದು ಪದ್ಧತಿಯಾಯಿತು. ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಬೆಕ್ಕಿಗೆ ಸ್ಥಾನ ದೊರೆತದ್ದು ಇದೊಂದೇ ಸಲವೇನೋ.

ಶತಶತಮಾನಗಳಿಂದ ದೇವರ ಶಾಪವೆಂದು, ಪೂರ್ವಕರ್ಮವೆಂದು ಜನ ಹೆದರಿದ್ದ ಆ ಅಂಗಹೀನತೆಗೆ ಕಾರಣ ಕೊಳೆಯುವ ಮಾಂಸವಲ್ಲ, ನೋವು ತಿಳಿಯದಿರುವಿಕೆ. ರೋಗಾಣು ನರವನ್ನು ಕೆಡಿಸಿ ನೋವನ್ನು ಕದಿಯುತ್ತದೆ. ಮುಂದಿನ ಹಾನಿಯೆಲ್ಲ ಬೆಂಕಿ, ಮೊಳೆ, ಕಲ್ಲು, ಇಲಿಗಳದು. ಅಂದಮೇಲೆ ಅದನ್ನು ತಡೆಯಬಹುದು. ಗಾಯಕ್ಕೆ ಪ್ಲಾಸ್ಟರ್ ಹಾಕಿ ಒತ್ತಡ ತಪ್ಪಿಸಿದರೆ ಹಳೆಯ ಹುಣ್ಣುಗಳೂ ಮಾಯುತ್ತಿದ್ದವು. ಮೃದುವಾದ ರಬ್ಬರಿನ ಅಟ್ಟೆಯಿರುವ ಚಪ್ಪಲಿಗಳು ತಯಾರಾದವು. ದಿನವೂ ನೀರಿನಲ್ಲಿ ಕಾಲು ನೆನೆಸಿ, ತೊಳೆದು, ಎಣ್ಣೆ ಸವರಿ, ಅಂಗಾಲನ್ನು ನೋಡಿಕೊಳ್ಳುವುದು ಚಿಕಿತ್ಸೆಯ ಭಾಗವಾಯಿತು. ಕೊನೆಯ ಭೋಜನದ ರಾತ್ರಿ ಯೇಸು ಶಿಷ್ಯರ ಪಾದ ತೊಳೆದದ್ದನ್ನು ಕ್ರೈಸ್ತರು ಪ್ರತಿ ವರ್ಷ ಸ್ಮರಿಸುತ್ತಾರೆ. ವೆಲ್ಲೂರಿನಲ್ಲಿ ಅದು ದಿನಚರಿಯಾಯಿತು. 1955ರಲ್ಲಿ ವೆಲ್ಲೂರಿಗೆ ಸಮೀಪದ ಕರಿಗಿರಿಯಲ್ಲಿ ಇದಕ್ಕಾಗಿಯೇ ಸಂಶೋಧನಾಲಯವೂ ಆಸ್ಪತ್ರೆಯೂ ನೆಲೆಗೊಂಡವು.

ಬ್ರಾಂಡರ ಬಾಳಿನ ಒಂದು ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ಒಮ್ಮೆ ಅಮೆರಿಕದಿಂದ ಮರಳುತ್ತ, ದೀರ್ಘ ರೈಲುಪ್ರಯಾಣದ ನಂತರ ಲಂಡನ್ನಿನ ಕೋಣೆಯಲ್ಲಿ ಬೂಟು ಕಳಚುವಾಗ ಹಿಮ್ಮಡಿಯಲ್ಲಿ ಸ್ಪರ್ಶವಿಲ್ಲವೆಂದು ಅನಿಸಿತು. ಸೂಜಿ ಚುಚ್ಚಿದರು, ರಕ್ತ ಬಂತು, ನೋವಾಗಲಿಲ್ಲ. ಏಳೆಂಟು ವರ್ಷ ಕುಷ್ಠರೋಗಿಗಳ ನಡುವೆ ಕಳೆದವರಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿ ಮಕ್ಕಳನ್ನು ಮುಟ್ಟದೆ ದೂರವಿರಬೇಕಾದ ಬಾಳನ್ನು ಕಲ್ಪಿಸಿಕೊಳ್ಳುತ್ತ ರಾತ್ರಿಯೆಲ್ಲ ಎಚ್ಚರವಾಗಿದ್ದರು. ಬೆಳಗ್ಗೆ ಎದ್ದು ಮತ್ತೆ ಸೂಜಿ ಚುಚ್ಚಿದಾಗ ನೋವಿನಿಂದ ಚೀರಿದರು! ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕುಳಿತು ನರ ಜೋಮು ಹಿಡಿದಿತ್ತು, ಅಷ್ಟೆ. ರೋಗಿಗಳ ಬಗ್ಗೆ ಎಲ್ಲವನ್ನೂ ಬಲ್ಲ ವೈದ್ಯನಿಗೂ ರೋಗಿಯಾಗಿ ಒಂದು ರಾತ್ರಿ ಕಳೆಯುವವರೆಗೆ ತಿಳಿಯದ ಸಂಗತಿಗಳಿದ್ದವು.

ಈ ಕಾರ್ಯದಲ್ಲಿ ಬ್ರಾಂಡರು ಒಂಟಿಯಲ್ಲ. ಅವರ ಜೊತೆಗಾರರಲ್ಲಿ ಕೇರಳದ ಡಾ. ಮೇರಿ ವರ್ಗೀಸರ ಹೆಸರನ್ನು ಬಿಡುವಂತಿಲ್ಲ. 1954ರಲ್ಲಿ ನಡೆದ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಈ ತರುಣ ವೈದ್ಯೆಯ ಸೊಂಟದ ಕೆಳಗಿನ ಭಾಗ ನಿಶ್ಚೇಷ್ಟಿತವಾಯಿತು. ಕೈ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ಬ್ರಾಂಡರು ಹುರಿದುಂಬಿಸಿದರು. ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆ ಕುಷ್ಠರೋಗಿಗಳ ಬೆರಳುಗಳನ್ನು ನೆಟ್ಟಗೆ ಮಾಡತೊಡಗಿದರು. ಆಕೆಯ ಬಳಿ ಯಾವ ರೋಗಿಯೂ ತನ್ನ ದುರದೃಷ್ಟವನ್ನು ಹಳಿಯುವ ಧೈರ್ಯ ಮಾಡಿರಲಾರ. ಮುಂದೆ ಅಂಗವಿಕಲರ ಪುನರ್ವಸತಿ ಚಿಕಿತ್ಸೆಯಲ್ಲಿ ವಿದೇಶದಲ್ಲಿ ತರಬೇತಿ ಪಡೆದು, ವೆಲ್ಲೂರಿನಲ್ಲಿ ಆ ವಿಭಾಗವನ್ನೇ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು, 1986ರಲ್ಲಿ ತೀರಿಕೊಂಡರು.

1966ರಲ್ಲಿ ಬ್ರಾಂಡರು ಅಮೆರಿಕದ ಕಾರ್ವಿಲ್ ಎಂಬಲ್ಲಿದ್ದ ಕುಷ್ಠರೋಗದ ಆಸ್ಪತ್ರೆಗೆ ಹೋದರು. ಅಲ್ಲಿ ಇನ್ನೊಂದು ಬಗೆಯ ರೋಗಿಗಳ ಕಾಲಿನಲ್ಲೂ ಅವೇ ಹುಣ್ಣುಗಳನ್ನು ಕಂಡರು. ಅವರು ಕುಷ್ಠರೋಗಿಗಳಲ್ಲ, ಮಧುಮೇಹಿಗಳು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಕಾಲಿನ ನರಗಳು ಕೆಟ್ಟು, ಅಂಗಾಲು ನೋವರಿಯದಾಗುತ್ತದೆ. ಬೂಟಿನೊಳಗಿನ ಸಣ್ಣ ಕಲ್ಲೊಂದು ದಿನವಿಡೀ ಒತ್ತಿದರೂ ತಿಳಿಯುವುದಿಲ್ಲ. ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುತ್ತದೆ. ಕರಿಗಿರಿಯ ಪಾಠವೇ ಇಲ್ಲಿಗೂ ಅನ್ವಯಿಸಿತು. ಇಂದು ಮಹಾನಗರಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರಿಲ್ಲದ ಮನೆ ಅಪರೂಪ. ಅಂಥವರು ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಬೇಕು, ಇಲ್ಲವೇ ಸೊಸೆಯನ್ನೋ ಮೊಮ್ಮಗನನ್ನೋ ನೋಡೆನ್ನಬೇಕು. ಮನೆಯೊಳಗೂ ಬರಿಗಾಲು ಬೇಡ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವ ಚಪಲ ಬಿಡಬೇಕು. ನಡುಹಗಲು ದೇವಾಲಯದ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವುದಕ್ಕಿಂತ ಬೆಳಗಿನ ತಂಪಿನಲ್ಲಿ ಹೋದರೆ ದೇವರೇನೂ ಮುನಿಯಲಾರ. ನೋಯದ ಗಾಯವೆಂದು ಸುಮ್ಮನಿರುವುದಂತೂ ಕೂಡದು. ನೋಯದ ಗಾಯವೇ ವೈದ್ಯರಿಗೆ ಮೊದಲು ತೋರಿಸತಕ್ಕದ್ದು.

ಕಾರ್ವಿಲ್‌ನಲ್ಲಿ ಬ್ರಾಂಡರ ತಂಡ ಕೃತಕ ನೋವನ್ನು ತಯಾರಿಸಲು ಹೊರಟಿತು. ಒತ್ತಡ ಹೆಚ್ಚಾದಾಗ ಎಚ್ಚರಿಸುವ ವಿದ್ಯುತ್ ಸಾಧನಗಳನ್ನು ಕೈಗೆ ತೊಡಿಸಿದರು. ಪ್ರಯೋಗ ಫಲಿಸಲಿಲ್ಲ. ಕೆಲಸಕ್ಕೆ ಅಡ್ಡಿಯಾದಾಗ ರೋಗಿಗಳು ಅದನ್ನು ಕಡೆಗಣಿಸುತ್ತಿದ್ದರು ಅಥವಾ ಆರಿಸಿಬಿಡುತ್ತಿದ್ದರು. ಆರಿಸಲಾಗದಂತಿರುವುದೇ ನಿಜವಾದ ನೋವಿನ ಗುಣವೆಂದು ಬ್ರಾಂಡರು ಅರಿತು, ಅದು ಸೃಷ್ಟಿಕರ್ತನ ಕೊಡುಗೆಯೆಂದು ಪುಸ್ತಕವನ್ನೇ ಬರೆದರು. 2003ರಲ್ಲಿ ಸಿಯಾಟಲ್‌ನಲ್ಲಿ ನಿಧನರಾದರು.

ಕುಷ್ಠರೋಗಕ್ಕೆ ಈಗ ಪೂರ್ಣ ಚಿಕಿತ್ಸೆಯಿದೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿತು. ಆರು ಇಲ್ಲವೇ ಹನ್ನೆರಡು ತಿಂಗಳ ಈ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬಹುಪಾಲು ಜನರ ದೇಹಕ್ಕೆ ಈ ರೋಗಾಣುವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ಆದರೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಮೈಮೇಲೆ ಮಾಸಲು ಅಥವಾ ಕೆಂಪು ಮಚ್ಚೆ ಕಂಡು, ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಕೂಡಲೇ ತೋರಿಸಿಕೊಳ್ಳಬೇಕು. ತೊನ್ನಿನ ಬಿಳಿ ಮಚ್ಚೆಯಲ್ಲಿ ಸ್ಪರ್ಶ ಎಂದಿನಂತಿರುತ್ತದೆ. ಅದು ಕುಷ್ಠವಲ್ಲ, ಅಂಟುವಂಥದೂ ಅಲ್ಲ. ಮದುವೆಯ ಮಾತುಕತೆಯಲ್ಲಿ ಎರಡನ್ನೂ ಒಂದೇ ಎಂದು ಬಗೆದು ಎಷ್ಟು ಹೆಣ್ಣುಮಕ್ಕಳ ಕಣ್ಣೀರಿಗೆ ಕಾರಣರಾಗಿದ್ದೇವೆಯೋ! ಕಾನೂನೂ ಬಹಳ ತಡವಾಗಿ ಕಣ್ತೆರೆಯಿತು. ಕುಷ್ಠರೋಗವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಎಣಿಸುವ ವಿಧಿಯನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ.

ಬ್ರಾಂಡರ ತಾಯಿ ಎವಲಿನ್, ಮಿಷನ್ನಿನಿಂದ ನಿವೃತ್ತಿಯಾದ ಮೇಲೆ ಸ್ವದೇಶಕ್ಕೆ ಮರಳಲಿಲ್ಲ. ಇಳಿವಯಸ್ಸಿನಲ್ಲಿ ತಾನೇ ಬೆಟ್ಟವೇರಿ, ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ತಿರುಗಿ ಮದ್ದು ಕೊಡುತ್ತಿದ್ದಳು. ಬಿದ್ದು ಸೊಂಟ ಮುರಿದುಕೊಂಡಾಗ ಮಗ ಬಂದು, ಇನ್ನಾದರೂ ವಿಶ್ರಾಂತಿ ಪಡೆಯೆಂದು ಬೇಡಿಕೊಂಡ. ಮುದುಕಿ ಒಪ್ಪಲಿಲ್ಲ, ಎರಡು ಕೋಲು ಹಿಡಿದು ಮತ್ತೆ ಹೊರಟಳು. 1974ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ಕಣ್ಣು ಮುಚ್ಚಿದಾಗ ಬೆಟ್ಟದ ಜನ ಆಕೆಯನ್ನು ಮಲೆಯ ಮೇಲೆ, ನಲವತ್ತೈದು ವರ್ಷ ಹಿಂದೆ ಮಣ್ಣಾಗಿದ್ದ ಗಂಡನ ಪಕ್ಕದಲ್ಲಿ ಸಮಾಧಿ ಮಾಡಿದರು.